ನಿಂಬೆಗಿಡದ ಮೇಷ್ಟ್ರು
ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಬೆಳಗಾದರೆ ಮೊದಲು ಹೊಟ್ಟೆಕಿಚ್ಚು, ಕಾಫಿ ಆಮೇಲೆ. ಅವರ ಹಿತ್ತಲಲ್ಲಿ ಬೆರಳುದ್ದದ ಸಸಿಯಿಂದ ಸಾಕಿದ ನಿಂಬೆಗಿಡವಿದೆ. ಕಾಂಪೌಂಡಿನಾಚೆ ನರ್ಸಮ್ಮನ ಹೂದೋಟವಿದೆ. ಚಿಟ್ಟೆಗಳು ನಿಂಬೆಯ ಚಿಗುರಿನ ಮೇಲೆ ಮೊಟ್ಟೆಯಿಡುತ್ತವೆ. ಹುಟ್ಟಿದ ಹುಳಗಳು ಬರೀ ನರ ಉಳಿಯುವಂತೆ ಎಲೆಗಳನ್ನು ಮೇಯ್ದು, ರೆಕ್ಕೆ ಬಂದ ದಿನವೇ ಗೋಡೆ ದಾಟಿ ನರ್ಸಮ್ಮನ ಹೂವಿಗೆ ಹಾರುತ್ತವೆ. "ತಿನ್ನೋಕೆ ನಮ್ಮ ಎಲೆ, ಚಂದ ತೋರಿಸೋದು ಅವರಿಗೆ!" ಎಂದು ಮೇಷ್ಟ್ರು ಹಾಲಿನವನಿಗೂ ಪೇಪರಿನವನಿಗೂ ದೂರುತ್ತಾರೆ. ದಾರಿಹೋಕರು ನಿಂತು, "ನರ್ಸಮ್ಮ, ಏನ್ ಚಿಟ್ಟೆಗಳ್ರೀ ನಿಮ್ಮವು!" ಎಂದರೆ ಕಿಟಕಿಯ ಹಿಂದೆ ಇವರ ಮೈಯೆಲ್ಲ ಉರಿಯುತ್ತದೆ. ತಡೆಯಲಾರದೆ ಗೋಡೆಯ ಮೇಲಿಂದ ಕತ್ತು ಚಾಚಿ, "ಅದು ನಮ್ದು!" ಎಂದು ಕೂಗುತ್ತಾರೆ. "ಇರಲಿ ಬಿಡಿ ಮೇಷ್ಟ್ರೇ, ಹಸಿದು ಬಂದಿರುತ್ತೆ" ಎಂದು ನರ್ಸಮ್ಮ ನಕ್ಕರೆ ಉರಿ ಇಮ್ಮಡಿಯಾಗುತ್ತದೆ. ಒಂದು ದಿನ ಹೆಂಡತಿ ರೋಸಿಹೋಗಿ, "ಈ ಸಂಕಟ ಯಾಕ್ರೀ? ಹುಳಗಳನ್ನೆಲ್ಲ ಕಿತ್ತು ಬಿಸಾಕಿ. ಗಿಡಾನೂ ಉಳಿಯುತ್ತೆ, ಅವರ ತೋಟಕ್ಕೆ ಚಿಟ್ಟೆನೂ ಬರಲ್ಲ" ಎಂದರು. ಅದೂ ಸರಿಯೆನಿಸಿ ಮೇಷ್ಟ್ರು ಗಿಡದ ಬಳಿ ಹೋದರು. ಅಲ್ಲಿ ಹಕ್ಕಿಯೊಂದು ದಪ್ಪನೆಯ ಹಸಿರು ಹುಳಕ್ಕೆ ಕೊಕ್ಕು ಹಾಕುವುದರಲ್ಲಿತ್ತು. ಅವರು ಹೆಗಲ ಟವೆಲ್ ಬೀಸಿ ಅದನ್ನು ಓಡಿಸಿದರು. ಆಮೇಲೆ ಎಲೆಯಿದ್ದ ಒಂದು ಕೊಂಬೆಯನ್ನು ಹುಳದ ಬಾಯಿಗೆ ಎಟುಕುವಂತೆ ಮೆಲ್ಲಗೆ ಬಗ್ಗಿಸಿ ದಾರದಿಂದ ಕಟ್ಟಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡದೆ, "ಹೂವಿಗೆ ಎಲ್ಲಿಗಾದ್ರೂ ಹೋಗ್ಲಿ ಕಣೇ," ಎಂದರು, "ಮೊಟ್ಟೆ ಇಡೋಕೆ ಮಾತ್ರ ನಮ್ಮನೇಗೇ ಬರುತ್ತೆ."