ಕೋಟಿನ ಪಕ್ಕದ ಹೊಲಿಗೆ

ನಾಟಕಕ್ಕೆ ಬ್ರಿಟಿಷರ ಕಾಲದ ಕೋಟು ಬೇಕಿತ್ತು. ಪುಲಿಕೇಶಿನಗರದ ಅಜ್ಜಿಯೊಬ್ಬರು ತಮ್ಮ ತಂದೆಯದನ್ನು ಕೊಟ್ಟು, "ಅಪ್ಪನಿಗೇ ಅಂತ ಅಳತೆ ತಗೊಂಡು ಹೊಲಿದಿದ್ದು. ಸಂಜೆ ವಾಪಸ್ ತಂದ್ಬಿಡಮ್ಮ" ಎಂದರು.

ಅಂಥದ್ದೇ ಇನ್ನೊಂದು ಹೊಲಿಯಲು ಶಿವಾಜಿನಗರದ ಟೈಲರ್ ಮಾಸ್ಟರ್‌ಗೆ ಕೊಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಕೋಟು ಬಿಡಿಬಿಡಿಯಾಗಿ ಮೇಜಿನ ಮೇಲಿತ್ತು.

"ಯಾರ್ರೀ ಬಿಚ್ಚೋಕೆ ಹೇಳಿದ್ದು?" ಎಂದು ಕಿರುಚಿದೆ.

"ಬಿಚ್ಚದೆ ಕಟಿಂಗ್ ಹೇಗೆ ಗೊತ್ತಾಗುತ್ತೆ ಮೇಡಂ? ಐದಕ್ಕೆ ಮೊದಲಿನ ಹಾಗೇ ಕೊಡ್ತೀನಿ. ಇದು ಯಾರೋ ದಪ್ಪ ಬ್ರಿಟಿಷ್ ದೊರೆಗೆ ಹೊಲಿದಿದ್ದು. ಆಮೇಲೆ ಪಕ್ಕಗಳಿಗೆ ಕೈಹೊಲಿಗೆ ಹಾಕಿ ಟೈಟ್ ಮಾಡಿದ್ದಾರೆ."

ಐದಕ್ಕೆ ಮಿಷನ್ ಹೊಲಿಗೆ ಹಾಕಿದ ಕೋಟು ಸಿಕ್ಕಿತು, ಮೊದಲಿಗಿಂತ ಅಚ್ಚುಕಟ್ಟಾಗಿ. ಅದು ದೊರೆಯದೆಂದು ಅಜ್ಜಿಗೆ ಹೇಳಲೇಬಾರದೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಅಜ್ಜಿ ಕೋಟನ್ನು ಒಳಮಗ್ಗುಲಿಗೆ ತಿರುಗಿಸಿ, ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ನಮ್ಮಮ್ಮನ ಹೊಲಿಗೆ ಎಲ್ಲಮ್ಮ?"