ಹೆಪ್ಪಿಲ್ಲದ ಮನೆ

ನಮ್ಮಜ್ಜಿ ವೆಂಕಟರತ್ನಮ್ಮನಷ್ಟು ಚೊಕ್ಕಟದ ಹೆಂಗಸು ಸಾದಲಿಯಲ್ಲಿ ಇನ್ನೊಬ್ಬಳಿರಲಿಲ್ಲ. ಹೊಗಳುತ್ತಿದ್ದೇನೆಂದು ತಿಳಿಯಬೇಡಿ, ಆ ಪಾಡು ಜೊತೆಗೆ ಬಾಳಿದವರಿಗೇ ಗೊತ್ತು. ಅಜ್ಜಿ ರೇಷ್ಮೆಹುಳು ಸಾಕುತ್ತಿದ್ದಳು. ಹುಳುಗಳಿಗೆ ರೋಗ ಬಂತೋ, ತಟ್ಟೆಗಳನ್ನೆಲ್ಲ ಹೊರಗೆ ಹಾಕಿ ಉಜ್ಜಿ ತೊಳೆದು, ಗೋಡೆಗೆ ಸುಣ್ಣ ಬಳಿದು, ಕಿಟಕಿ ಬಾಗಿಲು ಮುಚ್ಚಿ ಗಂಧಕದ ಹೊಗೆ ಹಾಕುವಳು. ಒಳಗೆ ಒಂದು ಜೀವವೂ ಉಳಿಯಬಾರದು. ಆಮೇಲೆಯೇ ಹೊಸ ಮೊಟ್ಟೆ ತರುವುದು.

ಒಂದು ವರ್ಷ ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳುಗಳಿಗೆ ರೋಗ ಬಡಿದು ಬೆಳೆಯೆಲ್ಲ ತಿಪ್ಪೆಗೆ ಹೋಯಿತು. ಪಕ್ಕದ ಮನೆಯ ಓರಗಿತ್ತಿ ಅಮ್ಮಾಜಮ್ಮ, ನನಗೆ ಚಿಕ್ಕಜ್ಜಿ, ಕೊಟ್ಟಿಗೆಯಿಂದ ಕೈ ತೊಳೆಯದೆ ಹಾಗೇ ಬಂದು ಹುಳುಗಳಿಗೆ ಸೊಪ್ಪು ಹಾಕಿದ್ದಳಂತೆ. ನಿನ್ನ ಕೊಳಕು ಕೈಯಿಂದಲೇ ಹೀಗಾದದ್ದು ಎಂದು ಅಜ್ಜಿ ಬೀದಿಯವರೆಲ್ಲ ಕೇಳುವ ಹಾಗೆ ಅಂದುಬಿಟ್ಟಳು. ಅಂದಿನಿಂದ ಒಂದೇ ಗೋಡೆಯ ಆಚೆ ಈಚೆ ಇದ್ದರೂ ಮಾತಿಲ್ಲ, ಆ ಮನೆಯ ನೀರನ್ನೂ ನಾವು ಕುಡಿಯುವ ಹಾಗಿಲ್ಲ.

ಅರವತ್ತೆರಡನೇ ಇಸವಿಯಲ್ಲಿ ನನಗೆ ವಿಷಮಶೀತ ಜ್ವರ ಬಂತು. ತಾಯಿಲ್ಲದ ಕೂಸು ನಾನು, ಅಜ್ಜಿಗೆ ನಾನೇ ಪ್ರಾಣ. ಶಿಡ್ಲಘಟ್ಟದ ಡಾಕ್ಟರ್ ನರಸಿಂಹಪ್ಪನವರು ಕೊಟ್ಟ ಮಾತ್ರೆಗೆ ಜ್ವರವೇನೋ ಬಿಟ್ಟಿತು. ಅಲ್ಲಿಗೆ ಸುಮ್ಮನಿರಬಾರದೆ ಈ ಹೆಂಗಸು? ರೋಗ ಹೋದ ಮೇಲೆ ಹುಳುಮನೆ ತೊಳೆದು ಅಭ್ಯಾಸವಾದವಳು ನನ್ನ ಹೊಟ್ಟೆಯನ್ನು ಬಿಡುತ್ತಾಳೆಯೇ! ಹರಳೆಣ್ಣೆ ಕುಡಿಸಿದಳು. ಅಂಗಡಿಯಿಂದ ಅದೇ ಮಾತ್ರೆ ಮತ್ತೆ ತರಿಸಿ ನುಂಗಿಸಿದಳು. ಮೊಸರು ಹುಳಿತದ್ದು, ಅಂಬಲಿ ತಂಗಳು ಎಂದು ಎರಡನ್ನೂ ಮನೆಯಿಂದಲೇ ಓಡಿಸಿ, ಹೆಪ್ಪಿನ ಕುಡಿಕೆಯನ್ನು ಬೂದಿಯಲ್ಲಿ ತಿಕ್ಕಿ, ಕುದಿಸಿ, ಬೋರಲು ಹಾಕಿದಳು. ನನಗೆ ಬರೀ ಬಿಸಿಗಂಜಿ.

ಭೇದಿ ಹತ್ತಿದ ಹೊಟ್ಟೆ ನಿಲ್ಲಲೇ ಇಲ್ಲ. ಬಾಯಿ ತುಂಬ ಹುಣ್ಣು. ರೋಗ ಇನ್ನೂ ಒಳಗೇ ಕೂತಿದೆ ಎಂದು ಅಜ್ಜಿ ಮತ್ತಷ್ಟು ತೊಳೆದಳು. ಎದ್ದು ನಿಂತರೆ ನನಗೆ ಕಣ್ಣು ಕತ್ತಲಿಡುವಂತಾದಾಗ ಗಾಬರಿಬಿದ್ದು ಶಿಡ್ಲಘಟ್ಟದ ಬಸ್ಸು ಹತ್ತಿಸಿದಳು.

ಡಾಕ್ಟರು ಮೊದಲು ಆ ಮಾತ್ರೆ ಕಿತ್ತಿಟ್ಟುಕೊಂಡರು. "ರೋಗದ ಕ್ರಿಮಿ ಯಾವತ್ತೋ ಸತ್ತವಮ್ಮ. ಈಗ ನೀನು ಸಾಯಿಸ್ತಿರೋದು ಒಳ್ಳೇವನ್ನ. ಅವಿಲ್ದೆ ಈ ಮಗು ಉಳಿಯೋದು ಕಷ್ಟ," ಎಂದರು. ಔಷಧಿ ಕೊಟ್ಟು, ಇವತ್ತಿನಿಂದಲೇ ಮಜ್ಜಿಗೆ ಅನ್ನ ಉಣಿಸು, ತಡಮಾಡಬೇಡ ಅಂತಲೂ ಹೇಳಿದರು.

ದೊಡ್ಡವಳಾಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವಾಗ ನಾನು ಇದನ್ನೆಲ್ಲ ಓದಿದೆ. ಕರುಳಿನ ಗೋಡೆಯುದ್ದಕ್ಕೂ ಮೈಯ ಕಾವಲುಪಡೆ ನಿಂತಿರುತ್ತದೆ. ಯಾರ ಮೇಲೆ ಬೀಳಬೇಕು, ಯಾರನ್ನು ತಮ್ಮವರೆಂದು ಬಿಡಬೇಕು ಎಂದು ಅದನ್ನು ಪಳಗಿಸುವುದು ಅಲ್ಲೇ ಬಿಡಾರ ಹೂಡಿರುವ ಒಳ್ಳೆಯ ಕ್ರಿಮಿಗಳು. ಮೈಯೂ ಅವುಗಳಿಗೆ ಜಾಗ ಕೊಟ್ಟು, ಗೋಡೆ ದಾಟದಂತೆ ನೋಡಿಕೊಳ್ಳುತ್ತದೆ. ಮಜ್ಜಿಗೆಯೊಂದೇ ನನ್ನನ್ನು ಉಳಿಸಿತು ಅನ್ನಲಾರೆ. ಆದರೆ ಎಲ್ಲರನ್ನೂ ಹೊರಗಟ್ಟಿದ ಹೊಟ್ಟೆ ನನ್ನದಾಗಿತ್ತು ಅನ್ನುವುದಂತೂ ನಿಜ.

ಊರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮನೆಯಲ್ಲಿ ಹಾಲಿತ್ತು, ಹೆಪ್ಪಿರಲಿಲ್ಲ. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಯಾರೂ ಮೊಸರು, ಮಜ್ಜಿಗೆ ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಅಜ್ಜಿ ಎರಡು ಮನೆ ಕೇಳಿ ಬರಿಗೈಲಿ ಬಂದಳು. ಹೊಸಿಲ ಮೇಲೆ ಒಂದು ಗಳಿಗೆ ಕೂತಳು. ಆಮೇಲೆ ನನ್ನನ್ನು ಎತ್ತಿಕೊಂಡು ಅಮ್ಮಾಜಮ್ಮನ ಬಾಗಿಲಿಗೆ ಹೋದಳು.

"ಅಮ್ಮಾಜಿ, ಕೂಸಿಗೆ ಒಂಚೂರು ಮಜ್ಜಿಗೆ ಬೇಕಿತ್ತು ಕಣೇ."

"ದೀಪ ಹಚ್ಚಾಯ್ತಲ್ಲಕ್ಕ. ಹೊರಕ್ಕೆ ಕೊಡೋ ಹಂಗಿಲ್ಲ," ಎಂದಳು ಚಿಕ್ಕಜ್ಜಿ.

ಅಜ್ಜಿ ಬಂದ ದಾರಿಗೆ ತಿರುಗಿದಳು.

"ಎಲ್ಲಿಗ್ ಹೋಗ್ತೀಯ? ಒಳಕ್ಕೆ ಬಾ. ಮಗು ಇಲ್ಲೇ ಉಣ್ಲಿ."

ಚಿಕ್ಕಜ್ಜಿ ಚೊಂಬು ತಂದಳು. ಅಜ್ಜಿಯ ಎದುರೇ ನಿಂತು ಎರಡೂ ಕೈ ತೊಳೆದು, ಅಂಗೈ ಬಿಡಿಸಿ ತೋರಿಸಿದಳು. ಅಜ್ಜಿ ನೋಡಲಾರದೆ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ನನಗೂ ಯಾಕೋ ಅಳು ಬಂತು. ಚಿಕ್ಕಜ್ಜಿ ಮಜ್ಜಿಗೆ ಅನ್ನ ಮೆತ್ತಗೆ ಕಲಸಿ, ಹುಣ್ಣಿಗೆ ತಾಗದ ಹಾಗೆ ಸಣ್ಣ ಸಣ್ಣ ತುತ್ತು ಮಾಡಿ ನನ್ನ ಬಾಯಿಗಿಟ್ಟಳು.

ಬಟ್ಟಲು ಖಾಲಿಯಾಗುತ್ತಾ ಬಂದಾಗ ಅಜ್ಜಿ ಸೆರಗು ತೆಗೆದು ನನ್ನ ಪಕ್ಕ ಕೂತಳು.

"ಆ ಕೈಯಿಂದ ನಂಗೂ ಒಂದ್ ತುತ್ತು ಹಾಕು, ಅಮ್ಮಾಜಿ."