ಮೂಲೆ ಮೇಜಿನವಳ ಕೈಗುಣ

ನಾನು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಕೂತವನು. ಗಾಜಿನ ಬುರುಡೆ, ನಳಿಗೆ, ಆಮ್ಲದ ಬಾಟಲಿ, ಏನೇ ಬೇಕಾದರೂ ನನ್ನ ಕಿಟಕಿಗೇ ಬರಬೇಕು. ಪಿಎಚ್.ಡಿ. ಮಾಡುವ ಮಕ್ಕಳು ಎದುರಿಗೆ ಸ್ಟೋರ್ ಮಾಮ ಅನ್ನುತ್ತಿದ್ದರು, ಬೆನ್ನ ಹಿಂದೆ ಸಿಡುಕಪ್ಪ ಅನ್ನುತ್ತಿದ್ದರು. ಎರಡೂ ಸರಿಯೇ. ಈಗ ಹೇಳಹೊರಟಿರುವುದು ಅವರಲ್ಲೊಬ್ಬಳ ಕಥೆ. ಅವಳಿಗೆ ಡಾಕ್ಟರೇಟ್ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ನನಗೊಬ್ಬನಿಗೇ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಪ್ರಯೋಗಾಲಯದಲ್ಲಿ ಅವಳಿಗೆ ಸಿಕ್ಕಿದ್ದು ಮೂಲೆಯ ಮೇಜು. ಪಕ್ಕದಲ್ಲಿ ಸದಾ ತೊಟ್ಟಿಕ್ಕುವ ನಲ್ಲಿ, ತಲೆಯ ಮೇಲೆ ಮಿಣುಕುವ ದೀಪ. ಹಿರಿಯರು ಬಿಟ್ಟು ಹೋದ ಜಾಗ ಕಿರಿಯರಿಗೆ ಅನ್ನುವುದು ಅಲ್ಲಿನ ಲೆಕ್ಕ. ನಾಲ್ಕನೇ ವರ್ಷ ಒಳ್ಳೆಯ ಮೇಜು ಖಾಲಿಯಾದಾಗಲೂ ಅವಳು ಕದಲಲಿಲ್ಲ. ನಲ್ಲಿಯ ಸದ್ದಿಲ್ಲದಿದ್ದರೆ ಕೈ ಓಡುವುದಿಲ್ಲ ಎಂದು ನಗುತ್ತಿದ್ದಳು.

ಅಪ್ಪ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಅಮ್ಮ ವಿಭಾಗದಿಂದ ಎರಡು ಬೀದಿ ಆಚೆ ಇಸ್ತ್ರಿ ಅಂಗಡಿ ಇಟ್ಟಿದ್ದರು; ನನ್ನ ಅಂಗಿಗಳೂ ಅಲ್ಲಿಗೇ ಹೋಗುತ್ತಿದ್ದವು. ಆ ತಾಯಿಗೆ ಮಗಳ ಸಂಶೋಧನೆಯೆಂದರೆ ಒಂದು ಬಗೆಯ ಅಡುಗೆ. ನಮ್ಮ ಹುಡುಗಿ ವರ್ಷಗಟ್ಟಲೆ ಒಂದೇ ಪಾತ್ರೆ ಒಲೆ ಮೇಲಿಟ್ಟುಕೊಂಡು ಕೂತಿದ್ದಾಳೆ, ಇಳಿಸೋದು ಯಾವಾಗ ಅಂತ ನೀವಾದರೂ ಕೇಳಿ ಎಂದು ನನ್ನ ಹತ್ತಿರ ದೂರುತ್ತಿದ್ದರು. ದೂರುವಾಗ ಮುಖ ಮಾತ್ರ ಅರಳಿರುತ್ತಿತ್ತು. ಬಟ್ಟೆ ತಂದವರನ್ನೆಲ್ಲ ನಿಲ್ಲಿಸಿಕೊಂಡು ಮಗಳು ಡಾಕ್ಟರ್ ಆಗುವ ಸುದ್ದಿ ಹೇಳದೆ ಕಳಿಸಿದವರಲ್ಲ.

ಅವಳ ಕೆಲಸ ಎರಡು ಬಗೆಯ ಅಣುಗಳನ್ನು ಒಂದಕ್ಕೊಂದು ಜೋಡಿಸುವುದು. ಅದಕ್ಕೆ ಪಲ್ಲೇಡಿಯಂ ಎಂಬ ದುಬಾರಿ ಲೋಹ ಚೂರಾದರೂ ಬೇಕು, ಇಲ್ಲದಿದ್ದರೆ ಅವು ಮುಖ ತಿರುಗಿಸಿಕೊಂಡು ಕೂರುತ್ತವೆ. ಐದನೇ ವರ್ಷ ಒಂದು ದಿನ, ಬರೀ ಹೋಲಿಕೆಗೆಂದು ಲೋಹ ಹಾಕದೆ ಇಟ್ಟಿದ್ದ ಬುರುಡೆಯಲ್ಲೂ ಜೋಡಣೆ ಆಗಿಬಿಟ್ಟಿತು. ಅವಳು ನಂಬಲಿಲ್ಲ. ಹನ್ನೊಂದು ಸಲ ಮಾಡಿದಳು, ಹನ್ನೊಂದು ಸಲವೂ ಆಯಿತು. ಅವಳ ಗೈಡ್, ಜನ್ಮದಲ್ಲಿ ನನ್ನ ಜೊತೆ ಮುಖ ಕೊಟ್ಟು ಮಾತಾಡದ ಪ್ರೊಫೆಸರು, ಅವತ್ತು ಕಿಟಕಿಗೆ ಬಂದು ನನ್ನ ಕೈ ಕುಲುಕಿದರು. ಲೇಖನ ಅಚ್ಚಾಯಿತು.

ಆದರೆ ಆ ಜೋಡಣೆ ಬೇರೆ ಯಾರ ಕೈಯಲ್ಲೂ ಆಗಲೊಲ್ಲದು. ಪಕ್ಕದ ಮೇಜಿನವನು ಅವಳ ನೋಟ್‌ಬುಕ್ ಎದುರಿಗಿಟ್ಟುಕೊಂಡು ಮಾಡಿದ, ಆಗಲಿಲ್ಲ. ಮೊದಮೊದಲು ಎಲ್ಲರೂ ಅವಳ ಕೈಗುಣ ಅಂತ ತಮಾಷೆ ಮಾಡಿದರು. ಒಬ್ಬಳು ಅವಳ ಕೈ ಮುಟ್ಟಿಸಿಕೊಂಡೇ ತನ್ನ ಪ್ರಯೋಗಕ್ಕೆ ಇಳಿಯುತ್ತಿದ್ದಳು. ಹೊರಗಿನ ಎರಡು ಪ್ರಯೋಗಾಲಯಗಳಿಂದ ನಮ್ಮಲ್ಲಿ ಆಗುತ್ತಿಲ್ಲ ಎಂದು ಪತ್ರ ಬಂದ ಮೇಲೆ ಆ ತಮಾಷೆ ನಿಂತಿತು. ಕೈಚಳಕ ಇರಬೇಕು ಎಂಬ ಪಿಸುಮಾತು ಶುರುವಾಯಿತು. ಜನರೇ ಹಾಗೆ. ಹೊತ್ತು ಕುಣಿದವರೇ ಎತ್ತಿ ಹಾಕುತ್ತಾರೆ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಬುರುಡೆಯೊಳಗಿನ ದ್ರವ ಕಲಕಲು ಒಂದು ಪುಟ್ಟ ಬಿಳಿ ಕಡ್ಡಿ ಹಾಕುತ್ತಾರೆ. ಒಳಗೆ ಅಯಸ್ಕಾಂತ, ಕೆಳಗಿನ ಯಂತ್ರ ತಿರುಗಿದಂತೆ ಇದೂ ತಿರುಗುತ್ತದೆ. ವರ್ಷಕ್ಕೊಮ್ಮೆ ಬರುವ ಹೊಸ ಕಡ್ಡಿಗಳು ಆರು ತಿಂಗಳಿಗೇ ಖಾಲಿ. ನನ್ನ ಕಿಟಕಿಯಿಂದ ಯಾರೂ ಬರಿಗೈಯಲ್ಲಿ ಹೋಗಬಾರದು ಎಂಬುದು ನನ್ನ ಹಟ. ಅದಕ್ಕೇ ಓದು ಮುಗಿಸಿ ಹೋದವರ ಡ್ರಾಯರುಗಳಿಂದ ಹಳೆಯ ಕಡ್ಡಿಗಳನ್ನು ಆಯ್ದು, ಬೆಳ್ಳಗಾಗುವವರೆಗೆ ಉಜ್ಜಿ ತೊಳೆದು, ಪೊಟ್ಟಣಕ್ಕೆ ಹಾಕಿ ಕೊಡುತ್ತಿದ್ದೆ. ರಿಜಿಸ್ಟರಿನಲ್ಲಿ ಹೊಸದು ಎಂದೇ ಬರೆಯುತ್ತಿದ್ದೆ. ಅವಳಿಗೆ ಕೊಟ್ಟಿದ್ದೂ ಅಂಥದ್ದೇ. ಅದು ಸಿಕ್ಕಿದ್ದು ಐದು ವರ್ಷ ಪಲ್ಲೇಡಿಯಂ ಜೊತೆಗೇ ಒದ್ದಾಡಿ ಹೋದ ಹುಡುಗನೊಬ್ಬನ ಡ್ರಾಯರಿನಲ್ಲಿ.

ಪಿಸುಮಾತು ವಿಚಾರಣೆಯವರೆಗೆ ಹೋಯಿತು, ಅದಕ್ಕೆ ಹೊರಗಿನಿಂದ ಇಬ್ಬರು ಬಂದಿದ್ದರು. ತನ್ನ ಕಡ್ಡಿಯಲ್ಲೇ ಏನಾದರೂ ಇರಬಹುದೇ ಎಂದು ಮೊದಲು ಕೇಳಿದವಳು ಅವಳೇ. ಎಲ್ಲರೂ ನನ್ನ ಕಿಟಕಿಗೆ ಬಂದರು. ಪ್ರೊಫೆಸರು ರಿಜಿಸ್ಟರನ್ನು ನನ್ನ ಮುಂದೆ ತಳ್ಳಿದರು.

"ಇವಳಿಗೆ ಕೊಟ್ಟಿದ್ದು ಹೊಸದೋ, ಬಳಸಿದ್ದೋ?"

ನಾನು ರಸಾಯನಶಾಸ್ತ್ರ ಓದಿದವನಲ್ಲ. ಆದರೂ ಹಳೆಯ ಕಡ್ಡಿಯ ಗೀರಿನಲ್ಲಿ ಆ ಲೋಹ ಉಳಿದಿರಬಹುದೆಂದು ಮೂವತ್ತೊಂದು ವರ್ಷ ಅದರ ನಡುವೆ ಕೂತವನಿಗೆ ತಿಳಿಯದೆ? ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ನನ್ನದೇ ಅಕ್ಷರದಲ್ಲಿ ಹೊಸದು, ಹೊಸದು ಎಂದು ಪುಟಗಟ್ಟಲೆ ಬರೆದ ಸುಳ್ಳು ಅವರ ಕಣ್ಣೆದುರೇ ಬಿದ್ದಿತ್ತು.

"ಹೊಸದೇ ಸಾರ್. ಪೊಟ್ಟಣ ಒಡೆದು ಕೊಟ್ಟಿದ್ದು" ಅಂದೆ.

ಅವಳು ನನ್ನ ಕಡೆ ನೋಡಿದಳು. ಅನುಮಾನದಿಂದಲ್ಲ.

"ಮಾಮ ಹೇಳಿದ್ಮೇಲೆ ಆಯ್ತು ಬಿಡಿ ಸಾರ್. ಅವರು ಸುಳ್ಳು ಹೇಳಲ್ಲ" ಅಂದಳು.

ಅಲ್ಲಿಗೆ ಕಡ್ಡಿಯ ಮಾತು ಮುಗಿಯಿತು. ಮಾರನೆಯ ದಿನ ಹೊಸ ಬುರುಡೆ, ಹೊಸ ಯಂತ್ರ, ಅಂಗಡಿಯಿಂದ ಆಗಷ್ಟೇ ತರಿಸಿದ ಕಡ್ಡಿ ಇಟ್ಟು, ಎಲ್ಲರೆದುರು ಮಾಡಿ ತೋರಿಸು ಎಂದರು. ಬೆಳಗ್ಗೆ ಹತ್ತರಿಂದ ಮೂರರವರೆಗೆ ನಿಂತೇ ಇದ್ದಳು. ಏನೂ ಆಗಲಿಲ್ಲ. ಮೂರು ಗಂಟೆಗೆ ಅವಳೇ ಯಂತ್ರ ಆರಿಸಿದಳು. ಲೇಖನ ಹಿಂದಕ್ಕೆ ಪಡೆದರು, ಫಲಿತಾಂಶ ಕಟ್ಟುಕಥೆ ಎಂದು ವರದಿ ಬರೆದರು. ಪ್ರೊಫೆಸರು ತನಗೇನೂ ಗೊತ್ತಿಲ್ಲವೆಂದು ಕೈತೊಳೆದುಕೊಂಡರು. ಅವಳು ಪಿಎಚ್.ಡಿ. ಬಿಡುತ್ತೇನೆಂದು ಬರೆದುಕೊಟ್ಟಳು. ಪಡೆದ ಸಾಮಾನನ್ನೆಲ್ಲ ನನಗೆ ಒಪ್ಪಿಸಲು ಬಂದಾಗ ಪ್ರತಿಯೊಂದನ್ನೂ ತೊಳೆದು ಒರೆಸಿ ತಂದಿದ್ದಳು. ನಾನು ತಲೆ ಎತ್ತದೆ ಸಹಿ ಹಾಕಿದೆ.

ಆಮೇಲೆ ಮೂರು ದಿನ ಅವಳ ಅಮ್ಮ ಅಂಗಡಿ ಮುಚ್ಚಿ ವಿಭಾಗದ ಗೇಟಿನ ಬಳಿ ಬಂದು ಕೂತರು. ನನ್ನ ಮಗಳು ಸುಳ್ಳು ಹೇಳುವವಳಲ್ಲ, ದೊಡ್ಡವರನ್ನು ಕರೆಯಿರಿ ಎನ್ನುತ್ತಿದ್ದರು. ನಾನು ಹಿಂಬಾಗಿಲಿನಿಂದ ಮನೆಗೆ ಹೋದೆ. ನಾಲ್ಕನೇ ದಿನ ಅವರು ಬರಲಿಲ್ಲ. ನನಗೆ ಉಸಿರು ಬಂದಂತಾಯಿತು. ಎಂಥ ಮನುಷ್ಯ ನಾನು!

ನಿವೃತ್ತನಾದೆ. ಇಸ್ತ್ರಿಗೆ ಬೇರೆ ಅಂಗಡಿ ಹಿಡಿದೆ. ಅಷ್ಟು ದೂರ ಯಾಕೆ ಸುತ್ತುತ್ತೀರಿ ಎಂದು ಹೆಂಡತಿ ಕೇಳಿದರೆ ಅವಳ ಮೇಲೇ ಹರಿಹಾಯ್ದೆ. ವರ್ಷ ಕಳೆದ ಮೇಲೆ ಹೆಂಡತಿಯೇ ಒಂದು ದಿನ ಸುದ್ದಿ ತಂದಳು: ಆ ಹಳೆಯ ಅಂಗಡಿ ಮುಚ್ಚಿದೆ, ಆ ತಾಯಿ ತೀರಿಹೋಗಿ ತಿಂಗಳಾಯಿತಂತೆ. ಅವತ್ತೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ, ನನ್ನ ಚಪ್ಪಲಿ ತಂದು ಮುಂದಿಟ್ಟಳು.

ಅವಳು ಒಪ್ಪಿಸಿ ಹೋದ ಸಾಮಾನಿನಲ್ಲಿದ್ದ ಆ ಕಡ್ಡಿಯನ್ನು ನಾನು ಎಸೆದಿರಲಿಲ್ಲ. ಅದನ್ನೂ ತಪ್ಪೊಪ್ಪಿಗೆಯನ್ನೂ ವಿಭಾಗದ ಹೊಸ ಮುಖ್ಯಸ್ಥರಿಗೆ ಕೊಟ್ಟೆ. ಅವರು ಕಡ್ಡಿಯನ್ನು ಆಮ್ಲದಲ್ಲಿ ಕುದಿಸಿ ಪರೀಕ್ಷೆ ಮಾಡಿಸಿದರು. ಗೀರುಗಳೊಳಗಿಂದ ಪಲ್ಲೇಡಿಯಂ ಬಂತು. ಕಣ್ಣಿಗೆ ಕಾಣದಷ್ಟು, ಆದರೂ ಸಾಕಾದಷ್ಟು. ಹುಡುಗಿಯದು ಮೋಸವಲ್ಲ, ಬಂದು ಪ್ರಬಂಧ ಮುಗಿಸಬಹುದು ಎಂದು ಪತ್ರ ಬರೆದರು. ಆ ಪತ್ರವನ್ನು ನಾನೇ ಒಯ್ಯುತ್ತೇನೆ ಎಂದೆ. ದಾರಿಯುದ್ದಕ್ಕೂ ಏನೋ ದೊಡ್ಡ ಉಪಕಾರ ಮಾಡಿದವನಂತೆ ಬೀಗುತ್ತಾ ನಡೆದೆ. ನಾಚಿಕೆಯಾಗಬೇಕು.

ಅವಳು ಬಣ್ಣದಂಗಡಿಯಲ್ಲಿ ಗೋಡೆಗೆ ಬಳಿಯುವ ಬಣ್ಣ ಬೆರೆಸುವ ಕೆಲಸಕ್ಕಿದ್ದಳು. ನನ್ನನ್ನು ಕಂಡು ಸ್ಟೂಲು ಎಳೆದು ಹಾಕಿದಳು. ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಡ್ರಾಯರು, ಉಜ್ಜಿ ತೊಳೆದದ್ದು, ಕಿಟಕಿಯಲ್ಲಿ ಹೇಳಿದ ಸುಳ್ಳು. ಅವಳು ಪತ್ರವನ್ನು ಎರಡು ಸಲ ಓದಿದಳು.

"ಹಾಗಾದ್ರೆ ಬುರುಡೆಯಲ್ಲಿ ಅದು ಆಗಿದ್ದು ನಿಜ" ಅಂದಳು. "ನನಗೇ ಏನೋ ಭ್ರಮೆ ಹಿಡಿದಿತ್ತು ಅಂದ್ಕೊಂಡಿದ್ದೆ."

ನಿಜ ಕಣಮ್ಮ, ಪೂರ್ತಿ ನಿಜ ಅಂದೆ. ನಾಳೆಯೇ ಬಾ, ಮುಖ್ಯಸ್ಥರು ಒಪ್ಪಿದ್ದಾರೆ, ನಿನ್ನ ಮೇಜು ಖಾಲಿಯೇ ಇದೆ ಎಂದು ಒಂದೇ ಸಮ ಬಡಬಡಿಸಿದೆ. ಅವಳು ಅಂಗಡಿಯ ಬಾಗಿಲ ಕಡೆ ನೋಡುತ್ತಿದ್ದಳು.

"ಅಮ್ಮ ಗೇಟಿನ ಹತ್ರ ಕೂರ್ತಿದ್ಲಲ್ಲ, ಕಾವಲಿನವರು ಬೈದು ಎಬ್ಬಿಸ್ತಿದ್ರು. ನನಗೆ ನೋಡೋಕಾಗ್ಲಿಲ್ಲ ಮಾಮ. ಹೊಸ ಕಡ್ಡೀಲಿ ಯಾಕಾಗ್ಲಿಲ್ಲ ಅಂತ ನನಗೇ ಗೊತ್ತಿಲ್ಲ, ಅವಳಿಗೆ ಏನಂತ ಹೇಳ್ಲಿ? ಸುಮ್ನಿರಮ್ಮ, ನಾನೇ ಸುಳ್ಳು ಬರೆದಿದ್ದು ಅಂದ್ಬಿಟ್ಟೆ. ಅವತ್ತಿಂದ ಗೇಟಿಗೆ ಹೋಗ್ಲಿಲ್ಲ. ನನ್ನ ಜೊತೆ ಸರಿಯಾಗಿ ಮಾತೂ ಆಡ್ಲಿಲ್ಲ. ಹಾಗೇ ನಂಬ್ಕೊಂಡೇ ಹೋದ್ಲು."

ನಾನು ಕೈಮುಗಿದೆ. ಅವಳು ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕೈಗೆ ವಾಪಸು ಕೊಟ್ಟಳು.

"ಇದನ್ನ ಈಗ ಯಾರಿಗೆ ತೋರಿಸ್ಲಿ ಮಾಮ?" ಅಂದಳು.